ಮದುವೆ ಊಟ ಮಾಡಿದ ಬ್ರೋಕರ್

ಅಪ್ಪ ಮೇಷ್ಟ್ರಾಗಿ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ 12 ಲಕ್ಷ ನನ್ನ ಅಕೌಂಟಿಗೆ ಹಾಕಿದರು. "ಬ್ಯಾಂಕಲ್ಲಿಟ್ರೆ ಏನು ಬರುತ್ತೆ? ನೀನು ಹೇಗೂ ಬೆಂಗಳೂರಲ್ಲೇ ಇದೀಯ, ಸೈಟೋ ಗೀಟೋ ಏನಾದ್ರೂ ನೋಡಪ್ಪ" ಅಂದರು. ತಿಪಟೂರಿನಲ್ಲಿ ಕೂತವರಿಗೆ, ಮಗ ಎಂಟು ವರ್ಷದಿಂದ ಬೆಂಗಳೂರಿನಲ್ಲಿದ್ದಾನೆ ಅಂದರೆ ಇಡೀ ಬೆಂಗಳೂರು ಗೊತ್ತು ಅಂತಲೇ ಲೆಕ್ಕ. ನನಗೆ ಗೊತ್ತಿದ್ದದ್ದು ಆಫೀಸಿನ ದಾರಿ, ಎರಡು ದರ್ಶಿನಿ, ಬಾಡಿಗೆ ಮನೆಯ ಓನರ್ರು. ಅಷ್ಟೇ.

ಒಂದು ಆ್ಯಪ್‌ನಲ್ಲಿ ನಂಬರ್ ಕೊಟ್ಟೆ. ಹತ್ತು ನಿಮಿಷದಲ್ಲಿ ಫೋನ್ ಶುರುವಾಯ್ತು. ಭಾನುವಾರ ಬೆಳಿಗ್ಗೆ ಒಬ್ಬ ಹುಡುಗ ಕಾರು ತಂದು ಮನೆ ಮುಂದೆ ನಿಲ್ಲಿಸಿದ. ನನ್ನದೇ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಾಯಿ ತೆರೆದರೆ "ಸಾರ್" ಬಿಟ್ಟು ಬೇರೆ ಮಾತಿಲ್ಲ. ನೆಲಮಂಗಲ ದಾಟಿ ದಾಬಸ್‌ಪೇಟೆ ಕಡೆ ಕರೆದುಕೊಂಡು ಹೋದ. ದಾರಿಯಲ್ಲಿ ತಟ್ಟೆ ಇಡ್ಲಿ, ಕಾಫಿ, ಎಲ್ಲಾ ಅವನದೇ. ಲೇಔಟ್‌ನಲ್ಲಿ ಕಲ್ಲು ನೆಟ್ಟಿದ್ದರು, ಟಾರು ಹಾಕಿದ್ದರು, ಗೇಟಿಗೆ ಕಮಾನು ಬೇರೆ. "ರಿಂಗ್ ರೋಡು ಪಕ್ಕದಲ್ಲೇ ಸಾರ್, ಮೂರು ವರ್ಷಕ್ಕೆ ಡಬಲ್. ಈ ಮೂಲೆ ಸೈಟಿಗೆ ಇನ್ನೊಬ್ಬರು ಸಂಜೆ ಬರ್ತಿದಾರೆ." ನಾನು ತುಂಬಾ ತಿಳಿದವನ ಹಾಗೆ ಮುಖ ಮಾಡಿಕೊಂಡು ಕೇಳಿದ ಪ್ರಶ್ನೆ ಒಂದೇ: "ಪೇಪರ್ ಎಲ್ಲಾ ಕ್ಲಿಯರ್ ಇದೆಯಾ?" "ಪಕ್ಕಾ ಸಾರ್, ಇ-ಖಾತಾನೇ ಇದೆ."

ಆ ಪ್ರಶ್ನೆಗೆ "ಇಲ್ಲ" ಅಂದ ಬ್ರೋಕರ್ ಈವರೆಗೆ ಹುಟ್ಟಿರಲಿಕ್ಕಿಲ್ಲ. ಅಲ್ಲೇ ನಿಂತು 50 ಸಾವಿರ ಟೋಕನ್ ಕಳಿಸಿದೆ. ರಸೀದಿ ಅಂತ ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟ.

ಸಾಲಕ್ಕೆ ಬ್ಯಾಂಕಿಗೆ ಹೋದಾಗಲೇ ಬಣ್ಣ ಬಯಲಾಗಿದ್ದು. ಅಲ್ಲಿನ ಮೇಡಂ ಎರಡು ನಿಮಿಷ ಕಾಗದ ನೋಡಿ, "ಇದು 11ಬಿ ರೀ. ನಮಗೆ ಬೇಕಾಗಿರೋದು ಫಾರಂ 9 ಮತ್ತು 11ಎ" ಅಂದರು. ಇ-ಸ್ವತ್ತು ತಂತ್ರಾಂಶದಿಂದ ಬಂದದ್ದೆಲ್ಲಾ ಒಂದೇ ಅಂತ ನಾನು ತಿಳಿದಿದ್ದೆ. ನನ್ನ ಸೈಟಿನ ಜಮೀನಿಗೆ ಭೂಪರಿವರ್ತನೆಯೇ ಆಗಿರಲಿಲ್ಲ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಲೇಔಟ್ ಮಾಡಿ ಮಾರಬೇಕಾದರೆ ರೇರಾ ನೋಂದಣಿ ಬೇಕು, ಅದನ್ನು ಮಾರಿಸುವ ಏಜೆಂಟಿಗೂ ನೋಂದಣಿ ಬೇಕು. ಎರಡೂ ಇರಲಿಲ್ಲ. ರೇರಾ ವೆಬ್‌ಸೈಟಿನಲ್ಲಿ ಹುಡುಕಿದ್ದರೆ ಐದು ನಿಮಿಷದ ಕೆಲಸ. ನಾಲ್ಕು ಭಾನುವಾರ ಸೈಟು ನೋಡಿದ ನಾನು ಆ ಐದು ನಿಮಿಷ ಕೊಡಲಿಲ್ಲ. ಮೂರು ತಿಂಗಳು ಅಲೆದ ಮೇಲೆ 30 ಸಾವಿರ ವಾಪಸ್ ಬಂತು. ಉಳಿದ 20 ಸಾವಿರದ ವಿಷಯ ಅಪ್ಪನಿಗೆ ಹೇಳಲಿಲ್ಲ.

ಆಮೇಲೆ ಬ್ರೋಕರ್ ಅಂದರೆ ಮೈಯೆಲ್ಲಾ ಉರಿಯುತ್ತಿತ್ತು. ಆದರೆ ಸಮಾಧಾನವಾಗಿ ಕೂತು ಯೋಚಿಸಿದಾಗ ಒಂದು ಸಣ್ಣ ವಿಷಯ ಹೊಳೆಯಿತು. ಆ ಹುಡುಗನಿಗೆ ದುಡ್ಡು ಸಿಗುವುದು ಸೈಟು ಮಾರಾಟವಾದರೆ ಮಾತ್ರ. ನಾಲ್ಕು ಭಾನುವಾರದ ಪೆಟ್ರೋಲು, ಇಡ್ಲಿ, ಕಾಫಿ ಎಲ್ಲಾ ಅವನ ಜೇಬಿನಿಂದ ಹೋಗಿದೆ. ಅಂಥವನ ಹತ್ತಿರ "ಇದನ್ನು ತಗೊಳ್ಳಲಾ, ಬೇಡವಾ" ಅಂತ ಕೇಳಿದ್ದು ನನ್ನ ತಪ್ಪು. ಅವನು ಕೆಟ್ಟವನೋ ಒಳ್ಳೆಯವನೋ ಅನ್ನೋದು ಬೇರೆ ಮಾತು. ಡೀಲ್ ಮುರಿದುಬಿದ್ದರೂ ಸಂಬಳ ಸಿಗುವಂಥವರು ಒಬ್ಬರಾದರೂ ನಮ್ಮ ಪಕ್ಕ ಇರಬೇಕು. ಹಾಗಾಗಿ ಎರಡನೇ ಸಲ ಮೊದಲು ಹುಡುಕಿದ್ದು ಮನೆಯನ್ನಲ್ಲ, ಲಾಯರನ್ನು. "ನೀವು ಬೇಡ ಅಂದ್ರೂ ಫೀಸ್ ಕೊಡ್ತೀನಿ" ಅಂದೆ. ಅವರು ನಕ್ಕು, "ಬೇಡ ಅನ್ನೋಕೇ ಜಾಸ್ತಿ ಫೀಸ್ ತಗೋಬೇಕು" ಅಂದರು.

ಎರಡನೇ ಬ್ರೋಕರ್ ಸಿಕ್ಕಿದ್ದು ವಿದ್ಯಾರಣ್ಯಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಅರವತ್ತು ದಾಟಿದ ಯಜಮಾನರು. ಆ ಕಡೆ ಯಾವ ಬಿಲ್ಡಿಂಗಿನಲ್ಲಿ ಯಾವಾಗ ನೀರಿಗೆ ತೊಂದರೆ, ಯಾವ ಫ್ಲ್ಯಾಟು ಎಷ್ಟಕ್ಕೆ ಹೋಯ್ತು ಎಲ್ಲಾ ಬಾಯಲ್ಲೇ ಇತ್ತು. ಮೊದಲೇ ಕೇಳಿದೆ: "ಸಾರ್, ಕಮಿಷನ್ ಎಷ್ಟು? ಆ ಕಡೆಯಿಂದಲೂ ತಗೋತೀರಾ?" ಮುಖ ಗಂಟು ಹಾಕುತ್ತಾರೆ ಅಂದುಕೊಂಡಿದ್ದೆ. "ಎರಡೂ ಕಡೆ ತಗೋತೀನಪ್ಪ, ಮುಚ್ಚಿಡೋದೇನಿದೆ? ನಿಂದು ಒಂದೂವರೆ ಪರ್ಸೆಂಟು, ರಿಜಿಸ್ಟ್ರೇಷನ್ ದಿನ ಕೊಡು ಸಾಕು" ಅಂದರು. ಅದನ್ನೇ ವಾಟ್ಸಾಪಿನಲ್ಲಿ ಬರೆದು ಕಳಿಸಿದೆ. ಹೆಬ್ಬೆಟ್ಟು ಎತ್ತಿದ ಚಿತ್ರ ಬಂತು.

ಮೂರನೇ ವಾರ ಒಂದು ಎರಡು ಬೆಡ್‌ರೂಮಿನ ಹಳೇ ಫ್ಲ್ಯಾಟು ತೋರಿಸಿದರು. 60 ಲಕ್ಷ. ತಿಂಗಳಿಗೆ 20 ಸಾವಿರ ಬಾಡಿಗೆ ಬರುತ್ತೆ, ಅಂದರೆ ವರ್ಷಕ್ಕೆ 4%. ಮೇಂಟೆನೆನ್ಸು, ತೆರಿಗೆ, ಬಣ್ಣ, ಮನೆ ಖಾಲಿ ಬೀಳುವ ತಿಂಗಳು ಕಳೆದರೆ ಕೈಗೆ ಸಿಗೋದು 3% ಆಸುಪಾಸು. ಈ ಲೆಕ್ಕ ಹಾಕಿಕೊಟ್ಟದ್ದು ಅವರೇ. "ಡಬಲ್ ಗಿಬಲ್ ಏನೂ ಆಗಲ್ಲ ನೋಡು, ಆದರೆ ಇಲ್ಲಿ ಬಾಡಿಗೆಯವರು ಸಿಗದೇ ಇರಲ್ಲ."

ದಾಖಲೆ ತೆಗೆಸಿದೆ. ಇಸಿಯಲ್ಲಿ ಯಾವ ಸಾಲವೂ ಇಲ್ಲ. ಫ್ಲ್ಯಾಟು ಕೊಂಡಿದ್ದ ತಂದೆ ತಾಯಿ ಇಬ್ಬರೂ ತೀರಿಹೋಗಿ, ಖಾತಾ ಮಗನ ಹೆಸರಿಗೆ ಬಂದಿತ್ತು. ಎಲ್ಲಾ ಸರಿಯಾಗಿದೆ ಅಂದುಕೊಂಡು ಲಾಯರಿಗೆ ಕಳಿಸುವ ಹೊತ್ತಿಗೆ, ಯಜಮಾನರು ಅಂಗಡಿಯಿಂದ ಹೊರಗೆ ಕರೆದು ದನಿ ತಗ್ಗಿಸಿ ಹೇಳಿದರು: "ನೋಡಪ್ಪ, ಅವರಿಗೆ ಒಬ್ಬಳು ತಂಗಿ ಇದ್ದಾಳೆ. ಶಿವಮೊಗ್ಗಕ್ಕೆ ಕೊಟ್ಟಿದಾರೆ. ಆ ಹುಡುಗಿ ಮದುವೆ ಊಟ ನಾನೇ ಮಾಡಿದೀನಿ."

ಲಾಯರಿಗೆ ಹೇಳಿದೆ. ಮಾರುವವರು ಕೊಟ್ಟಿದ್ದ ವಂಶವೃಕ್ಷದಲ್ಲಿ ತಂಗಿಯ ಹೆಸರೇ ಇರಲಿಲ್ಲ. ವಿಲ್ ಬರೆಯದೆ ತೀರಿಕೊಂಡ ಹಿಂದೂ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಇಸಿಯಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ ಮಾತ್ರ, ನೋಂದಣಿಯಾಗದ ತಂಗಿ ಅಲ್ಲಿ ಕಾಣಲ್ಲ. ಖಾತಾ ಇರೋದು ತೆರಿಗೆಯ ಲೆಕ್ಕಕ್ಕೆ, ಅದೊಂದೇ ಒಡೆತನಕ್ಕೆ ಸಾಕ್ಷಿಯಲ್ಲ. ತಂಗಿಯ ಸಹಿ ಇಲ್ಲದೆ ಕೊಂಡಿದ್ದರೆ ಅಪ್ಪನ ದುಡ್ಡು, ನನ್ನ 20 ವರ್ಷದ ಇಎಂಐ ಎರಡೂ ಕೋರ್ಟಿನ ಮೆಟ್ಟಿಲಲ್ಲಿ ಕೂತಿರುತ್ತಿದ್ದವು.

ಮಾರುವವರಿಗೆ ತಂಗಿಯ ಸಹಿ ಬೇಕು ಅಂದೆ. ಎರಡು ದಿನ ಉತ್ತರವಿಲ್ಲ. ಆಮೇಲೆ ಫೋನ್ ಮಾಡಿ, "ಆಯ್ತು, ಅವಳನ್ನ ಕರೆಸ್ತೀನಿ. ಆದ್ರೆ ಆ ಜೆರಾಕ್ಸ್‌ನವನನ್ನ ಬಿಟ್ಟುಬಿಡೋಣ. ನಿಮಗೂ 90 ಸಾವಿರ ಉಳಿಯುತ್ತೆ, ನಂಗೂ ಉಳಿಯುತ್ತೆ" ಅಂದರು.

ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ಲೆಕ್ಕ ಹಾಕಿದೆ. 90 ಸಾವಿರ ಅಂದರೆ ನಾಲ್ಕೂವರೆ ತಿಂಗಳ ಬಾಡಿಗೆ. ರೀಸೇಲ್ ಫ್ಲ್ಯಾಟು, ಬರವಣಿಗೆಯಲ್ಲಿ ಇದ್ದದ್ದು ಒಂದು ವಾಟ್ಸಾಪ್ ಮೆಸೇಜು. ಕೊಡದಿದ್ದರೆ ಅವರು ಏನು ಮಾಡಬಲ್ಲರು? ಮೊದಲ ಬ್ರೋಕರ್ ನನ್ನ 20 ಸಾವಿರ ಹಿಡಿದುಕೊಂಡಾಗಲೂ ಇದೇ ಲೆಕ್ಕ ಹಾಕಿರಬೇಕು. ಅದು ನೆನಪಾಗಿ ನಾಚಿಕೆಯಾಯ್ತು. ಬೆಳಿಗ್ಗೆ ಅಂಗಡಿಗೆ ಹೋಗಿ ಎಲ್ಲಾ ಹೇಳಿದೆ. "ಅವರ ಕಡೆ ಕಮಿಷನ್ ಹೋದ ಹಾಗೇ ಬಿಡು. ಈ ಏರಿಯಾದಲ್ಲಿ ನಾನು ನಾಳೆಯೂ ಅಂಗಡಿ ತೆಗೀಬೇಕಲ್ಲಪ್ಪ, ಅದಕ್ಕೇ ಹೇಳಿದ್ದು" ಅಂದರು.

ಸಬ್ ರಿಜಿಸ್ಟ್ರಾರ್ ಕಚೇರಿಗೆ ತಂಗಿ ಶಿವಮೊಗ್ಗದಿಂದ ಬಂದರು. ಅಣ್ಣ ತಂಗಿ ಹೆಚ್ಚು ಮಾತಾಡಲಿಲ್ಲ. ಇಬ್ಬರೂ ಸಹಿ ಹಾಕಿದರು, ಇಬ್ಬರ ಹೆಸರಿಗೂ ಬೇರೆ ಬೇರೆ ಡಿಡಿ ಕೊಟ್ಟೆ. ಬೆಲೆ 50 ಲಕ್ಷ ದಾಟಿದರೆ ಕೊಳ್ಳುವವನೇ 1% ಟಿಡಿಎಸ್ ಹಿಡಿದು ಕಟ್ಟಬೇಕು ಅಂತ ಲಾಯರು ಮೊದಲೇ ಎಚ್ಚರಿಸಿದ್ದರಿಂದ ಅದೂ ಮುಗಿದಿತ್ತು. ಹೊರಗೆ ಬಂದು ಯಜಮಾನರಿಗೆ 90 ಸಾವಿರ ಟ್ರಾನ್ಸ್‌ಫರ್ ಮಾಡಿದೆ.

ಈಗ ಗೆಳೆಯರು ಕೇಳಿದರೆ ಇಷ್ಟು ಹೇಳುತ್ತೇನೆ. ಬ್ರೋಕರ್ ಹತ್ತಿರ ಜನರ ಬಗ್ಗೆ ಕೇಳಿ: ಯಾರು ಮಾರ್ತಿದಾರೆ, ಯಾಕೆ, ಮನೇಲಿ ಯಾರ್ಯಾರಿದ್ದಾರೆ, ಪಕ್ಕದ್ದು ಎಷ್ಟಕ್ಕೆ ಹೋಯ್ತು. ಕಾಗದದ ಬಗ್ಗೆ ಲಾಯರನ್ನು ಕೇಳಿ. ಇವತ್ತೇ ಟೋಕನ್ ಹಾಕಿ ಅಂದವರಿಗೆ ನಾಳೆ ಬರ್ತೀನಿ ಅನ್ನಿ. ಒಪ್ಪಿದ ಕಮಿಷನ್ ಕೊಟ್ಟುಬಿಡಿ.

ಊರಿಗೆ ಹೋದಾಗ ಅಪ್ಪನಿಗೆ ಪತ್ರ ತೋರಿಸಿದೆ. ಮುಳುಗಿದ 20 ಸಾವಿರದ ಕಥೆಯನ್ನೂ ಹೇಳಿದೆ. ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಸಹಿಗಳನ್ನು ನಿಧಾನವಾಗಿ ನೋಡಿ, "ಆ ಹೆಣ್ಣುಮಗಳಿಗೆ ದುಡ್ಡು ಸೇರ್ತಾ?" ಅಂತ ಕೇಳಿದರು.

"ಸೇರ್ತಪ್ಪ" ಅಂದೆ.