ಲ್ಯೂಸೀನೂ ಜೋಳದ ರೊಟ್ಟಿಯೂ

ಕಂಪ್ಲಿಯ ನಮ್ಮ ಬಂಧುಗಳು ಹೊಳೆಯ ದಂಡೆಯ ಗದ್ದೆಯವರಾದುದರಿಂದ ಅನ್ನವನ್ನಲ್ಲದೆ ಅನ್ಯವನ್ನು ಊಟವೆಂದು ಎಣಿಸುತ್ತಿರಲಿಲ್ಲ. ಹೊಸಪೇಟೆಯ ನಮ್ಮ ಮನೆಯಲ್ಲಾದರೋ ಬಿಳಿಜೋಳದ ರೊಟ್ಟಿಯಿಲ್ಲದೆ ದಿನ ಮುಗಿಯುತ್ತಿರಲಿಲ್ಲ. ಇವೆರಡರ ನೆರೆಹೊರೆ ಹಳೆಯದು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪೇಸನು ಈ ಸೀಮೆಯ ಬೆಳೆಗಳನ್ನು ಹೇಳುವಾಗ ಅಕ್ಕಿ ಜೋಳಗಳನ್ನು ಜೊತೆಜೊತೆಯಾಗಿಯೇ ಹೆಸರಿಸಿದ್ದಾನೆ.

ಕಂಪ್ಲಿಯಿಂದ ಸೊಸೆಯಾಗಿ ಬಂದ ನಮ್ಮ ಚಿಕ್ಕಮ್ಮನಿಗೆ ರೊಟ್ಟಿ ಬಡಿಯುವುದೇ ಮೊದಲ ಪರೀಕ್ಷೆಯಾಯಿತು. “ಎಸರು ಮಳ್ಳಲಿ ತಾಯಿ, ತಣ್ಣೀರಿಗೆ ಹಿಟ್ಟು ಜಿಗಿ ಹಿಡಿಯಂಗಿಲ್ಲ” ಎಂದು ಅಜ್ಜಿ ಒಲೆಯ ಬಳಿಯಿಂದ ಹೇಳುತ್ತಿದ್ದಳು. ಆ ಮಾತಿನೊಳಗಣ ರಸಾಯನವು ನನಗೆ ತಿಳಿದದ್ದು ಕಾಲೇಜಿನಲ್ಲಿ ಲ್ಯೂಸೀನೆಂಬ ಅಮೈನೊ ಆಮ್ಲದ ಪರಿಚಯವಾದ ಮೇಲೆ.

1819ರಲ್ಲಿ ರಸಾಯನಜ್ಞ ಪ್ರೂಸ್ತನು ಗಿಣ್ಣಿನಿಂದಲೂ ಮರುವರ್ಷ ಬ್ರಾಕೊನೊನು ಮಾಂಸವನ್ನೂ ಉಣ್ಣೆಯನ್ನೂ ಗಂಧಕಾಮ್ಲದಲ್ಲಿ ಕುದಿಸಿಯೂ ಪಡೆದ ಈ ವಸ್ತುವು ಹೊಳಪುಳ್ಳ ಬಿಳಿಯ ಹರಳು. ರುಚಿ ಕಿಂಚಿತ್ ಕಹಿ. ಸುಮಾರು 293 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ವಿಘಟಿಸತಕ್ಕದ್ದು. ಆರು ಇಂಗಾಲ, ಹದಿಮೂರು ಜಲಜನಕ, ಒಂದು ಸಾರಜನಕ, ಎರಡು ಆಮ್ಲಜನಕಗಳ ಈ ಅಣುವಿನ ಪಾರ್ಶ್ವದಲ್ಲಿ ಕವಲೊಡೆದ ಹೈಡ್ರೋಕಾರ್ಬನ್ ಸರಪಳಿಯೊಂದಿದ್ದು, ಅದು ಎಣ್ಣೆಯಂತೆ ನೀರಿಗೆ ವಿಮುಖವಾಗಿರುವುದರಿಂದ, ಒಂದು ಲೀಟರ್ ನೀರಿನಲ್ಲಿ ಕರಗುವ ಲ್ಯೂಸೀನು ಸುಮಾರು 24 ಗ್ರಾಂ ಮಾತ್ರ. ಜೋಳದ ಮುಖ್ಯ ಪ್ರೋಟೀನಾದ ಕಾಫಿರಿನ್ನಿನಲ್ಲಿ ಲ್ಯೂಸೀನಿನ ಪ್ರಾಚುರ್ಯವುಂಟು. ಆ ಪ್ರೋಟೀನು ನೀರಿನಲ್ಲಿ ಕರಗದು. ಗೋಧಿಯ ಗ್ಲುಟೆನ್ನಿನಂತೆ ಹಿಟ್ಟನ್ನು ಎಳೆಯೆಳೆಯಾಗಿ ಹಿಡಿದಿಡದು. ಹೀಗಾಗಿ ಜಿಗಿಯ ಭಾರವೆಲ್ಲ ಪಿಷ್ಟದ ಮೇಲೆ ಬೀಳುವುದು. ಪಿಷ್ಟವು ಉಬ್ಬಿ ಅಂಟಾಗಬೇಕಾದರೆ ಕುದಿವ ಎಸರೇ ಬೇಕು.

ಈ ಲ್ಯೂಸೀನಿನ ಮೇಲೆ 1960ರಲ್ಲಿ ಒಂದು ಗುರುತರವಾದ ಆರೋಪವೂ ಬಂದಿತು. ಬಿಸಿಲು ತಾಗುವೆಡೆಯಲ್ಲಿ ಚರ್ಮವನ್ನು ಕಪ್ಪಾಗಿಸಿ ಒರಟಾಗಿಸುವ, ಅತಿಸಾರವನ್ನೂ ಬುದ್ಧಿವಿಕಾರವನ್ನೂ ತರುವ ಪೆಲ್ಲಾಗ್ರ ರೋಗವು ದಖ್ಖನ್ನಿನಲ್ಲಿ ಜೋಳವನ್ನೇ ನೆಮ್ಮಿದ ಬಡವರಲ್ಲಿ ಕಾಣುತ್ತಿದ್ದುದನ್ನು ಅಭ್ಯಸಿಸಿದ ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯನವರು, ಲ್ಯೂಸೀನಿನ ಆಧಿಕ್ಯವು ದೇಹದಲ್ಲಿ ಆ ರೋಗವನ್ನು ತಡೆಯುವ ನಯಾಸಿನ್ ಜೀವಸತ್ತ್ವದ ವ್ಯವಸ್ಥೆಯನ್ನು ಕೆಡಿಸುವುದೆಂದು ವಾದಿಸಿದರು. ಅನಂತರದ ಸಂಶೋಧಕರೆಲ್ಲರೂ ಇದನ್ನೊಪ್ಪಲಿಲ್ಲ; ಆದರೆ ಐಸೊಲ್ಯೂಸೀನೆಂಬ ಅದರ ಸೋದರವಸ್ತುವು ಆ ದುಷ್ಫಲವನ್ನು ತಗ್ಗಿಸುವುದೆಂಬುದೂ ಅದೇ ಶೋಧನೆಯ ಮಾರ್ಗದಲ್ಲಿಯೇ ಕಂಡುಬಂದಿತು.

ವಿಚಿತ್ರವೆಂದರೆ, ದೇಹವು ತಾನೇ ನಿರ್ಮಿಸಲಾರದೆ ಅನ್ನದಿಂದಲೇ ಪಡೆಯಬೇಕಾದ ಅವಶ್ಯ ಆಮ್ಲಗಳಲ್ಲಿ ಲ್ಯೂಸೀನೂ ಒಂದು. ಸಂಡೂರಿನ ಸಂತೆಗೆ ಹೋಗಿ ಹೆಸರುಕಾಳು, ಶೇಂಗಾ, ಪುಂಡಿಸೊಪ್ಪುಗಳನ್ನು ಕೊಂಡುತರುವಷ್ಟು ಅನುಕೂಲವಿದ್ದ ನಮ್ಮಂಥವರು ಆ ರೋಗದ ಹೆಸರನ್ನೇ ಕೇಳದೆ ಬೆಳೆದೆವು. ಜೋಳಕ್ಕೆ ಕೊರತೆಯಾದ ಲೈಸೀನೆಂಬ ಮತ್ತೊಂದು ಅವಶ್ಯ ಆಮ್ಲವನ್ನು ಕಾಳು ತುಂಬಿತು, ನಯಾಸಿನ್ನನ್ನು ಶೇಂಗಾ ಒದಗಿಸಿತು. ಅದೇ ಜೋಳದ ರೊಟ್ಟಿಗೆ ಉಪ್ಪು ಮೆಣಸಿನಕಾಯಿಗಳಲ್ಲದೆ ಬೇರೆ ಜೊತೆಯಿಲ್ಲದ ಕೂಲಿಯವನ ಮೈಯಲ್ಲಿ ರೋಗವು ಮೂಡಿತು. ಆದಕಾರಣ ಈ ಆಮ್ಲವು ಒಳ್ಳೆಯದೋ ಕೆಟ್ಟದೋ ಎಂದು ಯಾರಾದರೂ ನನ್ನನ್ನು ಕೇಳಿದರೆ, ತಿನ್ನುವವನಿಗೆ ದಿನಗೂಲಿ ಎಷ್ಟು ಸಿಕ್ಕುತ್ತದೆಂದು ಮೊದಲು ವಿಚಾರಿಸಿ ಬನ್ನಿರೆಂದು ಹೇಳುತ್ತೇನೆ.