ಆರು ವೋಲ್ಟಿನ ಬೆಳಕು

ಜುಲೈ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿ ನನ್ನ ಹಳೆಯ ವಾಯಿಲ್ ಸೀರೆಗಳು ಒಂದೊಂದಾಗಿ ಕಾಣೆಯಾಗುತ್ತವೆ. ಯೆಜ್ಡಿಯ ಸೈಲೆನ್ಸರ್ ಉಜ್ಜಲು ಮೆತ್ತಗಿನ ಬಟ್ಟೆಯೇ ಬೇಕು ನೋಡಿ! ಆ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ಇಟ್ಟುಕೊಂಡವರೆಲ್ಲ ಒಂದೆಡೆ ಸೇರುವ ದಿನ. ಯಾದವಗಿರಿಯಲ್ಲಿ 1961ರಲ್ಲಿ ಶುರುವಾದ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮೈಸೂರಿನ ಗಂಡಸರ ಎದೆಯೊಳಗೆ ಮಾತ್ರ ಅದಿನ್ನೂ ನಡೆಯುತ್ತಿದೆ. ನಮ್ಮದು ಮಾವನವರು ಕೊಂಡ ಗಾಡಿ. ಕಿಕ್ ಹೊಡೆಯುವ ಸರಳೇ ಗೇರ್ ಕೂಡ ಆಗುವ ಅದರ ಚಮತ್ಕಾರವನ್ನು ಮದುವೆಯಾದ ಹೊಸತರಲ್ಲಿ ಇವರು ಹತ್ತು ಸಲ ತೋರಿಸಿದ್ದರು. ನಾನೂ ಹತ್ತು ಸಲ ಆಶ್ಚರ್ಯಪಟ್ಟಿದ್ದೆ.

ಈ ಗಾಡಿಪ್ರಿಯರಲ್ಲಿ ನಮ್ಮ ಅಜ್ಜಿಯನ್ನು ಮೀರಿಸುವ ಮಡಿಯಿದೆ. ಎಲ್ಲವೂ 'ಒರಿಜಿನಲ್' ಇರಬೇಕು. ಅದರದ್ದು ಆರು ವೋಲ್ಟಿನ ದೀಪ. ಬ್ಯಾಟರಿ ಸೊರಗಿತೆಂದರೆ ಎಂಜಿನ್ ನಿಧಾನವಾದಂತೆಲ್ಲ ಅದೂ ಮಂಕು. "ಹನ್ನೆರಡು ವೋಲ್ಟಿಗೆ ಬದಲಾಯಿಸಿ ಸಾರ್" ಎಂದ ಮೆಕ್ಯಾನಿಕ್ ಹುಡುಗನಿಗೆ, "ಒರಿಜಿನಾಲಿಟಿ ಹೋಗುತ್ತಪ್ಪ" ಎಂದರು. ಬ್ರೇಕ್ ಲೈನರ್ ಸವೆದಿದೆ ಎಂದದ್ದಕ್ಕೆ, "ಮುಂದಿನ ತಿಂಗಳು ನೋಡೋಣ." ಆ ತಿಂಗಳ ದುಡ್ಡು ಟ್ಯಾಂಕಿನ ಬಣ್ಣಕ್ಕೆ ಹೋಗಿತ್ತು.

2016ರ ಆಗಸ್ಟ್. ತಿ. ನರಸೀಪುರದ ಹತ್ತಿರದ ಹಳ್ಳಿಯಲ್ಲಿ ಆರತಕ್ಷತೆ ಮುಗಿಸಿ ರಾತ್ರಿ ಹೊರಟೆವು. ಜಿಟಿಜಿಟಿ ಮಳೆ. ನಾನು "ರೀ, ನಿಧಾನ" ಎನ್ನುವುದು, ಇವರು ನಿಧಾನಿಸಿದರೆ ದೀಪ ಮಿಣುಕುವುದು, ಬೆಳಕಿಗಾಗಿ ಮತ್ತೆ ಆಕ್ಸಿಲರೇಟರ್ ತಿರುಗಿಸುವುದು. ಮುಂದಿನ ಹುಲ್ಲಿನ ಗಾಡಿ ಕಂಡದ್ದು ಅದರ ವಾಸನೆ ಮೂಗಿಗೆ ಬಡಿದ ಮೇಲೆ. ಬ್ರೇಕ್ ಕಿರ್ರೆಂದಿತೇ ಹೊರತು ಹಿಡಿಯಲಿಲ್ಲ. ಪಕ್ಕಕ್ಕೆ ಹೊರಳಿಸಿ ಹಳ್ಳಕ್ಕೆ ಬಿದ್ದೆವು. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು ಅದೇ ವರ್ಷ. ಮುಡಿದ ಹೂವಿನ ಮೇಲೆ ಗೊಣಗುತ್ತಲೇ ಹಾಕಿಕೊಂಡಿದ್ದೆ. ತಲೆ ಉಳಿಯಿತು. ಗಾಡಿಯಾತ ಓಡಿಬಂದು ಎಬ್ಬಿಸುತ್ತ, "ಸದ್ದು ಕೇಳ್ತು, ಲೈಟೇ ಕಾಣ್ನಿಲ್ವಲ್ಲವ್ವ" ಎಂದ.

ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್. ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದ 'ಕ್ಷ' ನೋಡಿ ಎಂಟನೆಯ ತರಗತಿಯ ಮಕ್ಕಳು ನಕ್ಕರು. ಶಾಲೆಯಲ್ಲಿ, ಬಚ್ಚಲಲ್ಲಿ ಜಾರಿಬಿದ್ದೆ ಎಂದು ಹೇಳಿದ್ದೆ. ಸತ್ಯ ಹೇಳಬೇಕೆಂದು ಪಾಠ ಮಾಡುವವಳು! ಮನೆಯ ಮರ್ಯಾದೆ ಎಂಬ ಭ್ರಮೆ. ಇವರು ಆರು ವಾರವೂ ನನ್ನ ಜಡೆ ಹೆಣೆದರು, ಅನ್ನ ಕಲಸಿಕೊಟ್ಟರು. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಬರಲಿಲ್ಲ. "ಮೂರು ತಿಂಗಳ ಹಿಂದಷ್ಟೇ ಆರ್.ಸಿ. ನವೀಕರಣವಾಗಿದೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹದಿನೈದು ವರ್ಷ ದಾಟಿದ ಗಾಡಿಗೆ ಪರೀಕ್ಷೆ ಮಾಡಿ ಐದು ವರ್ಷಕ್ಕೆ ಕಾಗದ ಕೊಡುತ್ತಾರೆ, ನಿಜ. ಲೈನರ್ ಐದು ವರ್ಷ ಬಾಳುತ್ತದೆಂದು ಯಾರೂ ಬರೆದುಕೊಟ್ಟಿರಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನ ಹೇಳಿದೆ: "ನಾನು ಹಿಂದೆ ಕೂರಬೇಕಾದರೆ ಹನ್ನೆರಡು ವೋಲ್ಟು, ಹೊಸ ಲೈನರ್." ಎರಡು ದಿನ ಮಾತಿಲ್ಲ. ಮೂರನೆಯ ದಿನ ಗಾಡಿ ಮೆಕ್ಯಾನಿಕ್ ಅಂಗಡಿಯಲ್ಲಿತ್ತು.

ಈಗ ಹೊರಡುವ ಮುಂಚೆ ಕಾಂಪೌಂಡ್ ಗೋಡೆಯ ಮೇಲೆ ಬೆಳಕು ಬಿಡಿಸಿ ನೋಡುತ್ತೇನೆ. ಹಿಂದೆ ಬಗ್ಗಿ ಕೆಂಪು ದೀಪ ನೋಡುತ್ತೇನೆ. ನೀರು ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತುತ್ತ ಹೋಗಿ ಡ್ರಮ್ ಒಣಗಿಸಿಕೊಳ್ಳಬೇಕೆಂದು ಆ ಹುಡುಗನಿಂದಲೇ ಕಲಿತೆ. ಮಗಳ ಸ್ಕೂಟರಿನ ದೀಪವಂತೂ ಹಗಲಲ್ಲೂ ಆರುವುದಿಲ್ಲ. 2017ರ ಏಪ್ರಿಲ್ ನಂತರ ತಯಾರಾದ ದ್ವಿಚಕ್ರಗಳೆಲ್ಲ ಹಾಗೆಯೇ. ದಾರಿಯಲ್ಲಿ ಯಾರಾದರೂ ಲೈಟ್ ಆರಿಸಿ ಎಂದು ಕೈಸನ್ನೆ ಮಾಡಿದರೆ ನನಗೆ ಒಳಗೊಳಗೇ ಖುಷಿ.

ಹೋದ ಜುಲೈ ಸಭೆಯಲ್ಲಿ ಒಬ್ಬ ಹುಡುಗ ಬಗ್ಗಿ ನೋಡಿ, "ವೈರಿಂಗ್ ಒರಿಜಿನಲ್ಲಾ ಅಂಕಲ್?" ಎಂದ. ನಾನು ಕಾಫಿ ಲೋಟ ಹಿಡಿದು ಪಕ್ಕದಲ್ಲೇ ಇದ್ದೆ.

"ಇಲ್ಲಪ್ಪ, ಬದಲಾಯಿಸಿದೆ. ಮೊದಲೇ ಬದಲಾಯಿಸಬೇಕಿತ್ತು" ಎಂದರು ಇವರು, ನನ್ನ ಕಡೆ ನೋಡದೆ.