ಸಲಾಮೂ ಕಸದ ಬುಟ್ಟಿಗೆ

ಅರಸೀಕೆರೆ, ಬೇಲೂರು ಮತ್ತು ಹಳೇಬೀಡಿನ ಕೆಲವು ಕುಟುಂಬಗಳು ಸೇರಿ ನಡೆಸುವ ಒಂದು ಪುಟ್ಟ ವಿದ್ಯಾರ್ಥಿ ಸಹಾಯ ನಿಧಿಯ ಕೆಲಸವನ್ನು ನಾವು ನಾಲ್ಕೈದು ಮಂದಿ ನೋಡಿಕೊಳ್ಳುತ್ತೇವೆ. ನಿಧಿಯೆಂದರೆ ದೊಡ್ಡದೇನಲ್ಲ. ರಮಝಾನಿನಲ್ಲಿ ಕೊಬ್ಬರಿ ವ್ಯಾಪಾರಿಗಳಿಂದ, ಕಾಫಿ ತೋಟಗಳಿಗೆ ಲಾರಿ ಓಡಿಸುವವರಿಂದ, ಗಲ್ಫ್‌ನಲ್ಲಿರುವ ಬಂಧುಗಳಿಂದ ಕೂಡಿಬಂದುದನ್ನು ಜೂನ್, ಜುಲೈ ತಿಂಗಳುಗಳಲ್ಲಿ ಬಡ ಮಕ್ಕಳ ಶುಲ್ಕಕ್ಕೆ ಹಂಚುವುದು, ಅಷ್ಟೆ. ಹಿಂದೆ ಅರ್ಜಿಗಳು ಕೈಯಿಂದ ಕೈಗೆ ಬರುತ್ತಿದ್ದವು. ಈಗ ಬಹುಪಾಲು ಇ-ಮೇಲ್‌ನಲ್ಲಿ ಬರುತ್ತವೆ. ಅವುಗಳನ್ನು ದಿನವೂ ತೆರೆದು ನೋಡುವವರು ಕೊಬ್ಬರಿ ಮಂಡಿಯಿಂದ ನಿವೃತ್ತರಾದ ಹಿರಿಯರೊಬ್ಬರು. ಅರ್ಜಿದಾರರಿಗೂ ನಮಗೂ ಅವರು ಚಾಚಾ.

ಕಳೆದ ವರ್ಷ ಜುಲೈಯಲ್ಲಿ ಹಳೇಬೀಡಿನ ಕಡೆಯ ಒಬ್ಬ ತಂದೆ ಜಾವಗಲ್, ಬಾಣಾವರದ ದಾರಿಯಾಗಿ ಬಸ್ಸು ಬದಲಿಸಿಕೊಂಡು ಅರಸೀಕೆರೆಗೆ ಬಂದರು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. "ಚಾಚಾ, ಮಗಳು ಅರ್ಜಿ ಕಳಿಸಿ ಹನ್ನೆರಡು ದಿನ ಆಯ್ತು. ಕೊಡೋಕೆ ಆಗಲ್ಲ ಅಂದ್ರೆ ಅದನ್ನಾದ್ರೂ ಹೇಳಿಬಿಡಿ, ಬೇರೆ ಕಡೆ ಕೇಳ್ತೀನಿ" ಎಂದರು. ಚಾಚಾ ತಬ್ಬಿಬ್ಬಾದರು. "ಬೇಟಾ, ನಿನ್ನ ಮಗಳ ಹೆಸರಿನ ಒಂದು ಕಾಗದವೂ ನನ್ನ ಕಣ್ಣಿಗೆ ಬಿದ್ದಿಲ್ಲ." ಇಬ್ಬರೂ ಹೇಳುತ್ತಿದ್ದುದು ನಿಜವೇ ಆಗಿತ್ತು.

ಅರ್ಜಿ ಸಿಕ್ಕಿದ್ದು ಜಂಕ್ ಎಂಬ ಕಡತದಲ್ಲಿ. ಅದರ ಜೊತೆಯಲ್ಲಿ ಇನ್ನೂ ನಾಲ್ಕು ಅರ್ಜಿಗಳಿದ್ದವು. ಗಣಕಯಂತ್ರವನ್ನು ಅಣಿಗೊಳಿಸಿದ ಅಂಗಡಿಯವರು ಹದಿನಾಲ್ಕು ದಿನ ದಾಟಿದ ಜಂಕ್ ಪತ್ರಗಳು ತಾವಾಗಿ ಅಳಿದುಹೋಗುವಂತೆ ಮಾಡಿಟ್ಟಿದ್ದರು. ಇನ್ನೆರಡು ದಿನ ಕಳೆದಿದ್ದರೆ ಆ ಹೆಣ್ಣುಮಗಳ ಅರ್ಜಿ ಬಂದಿತ್ತೆಂಬುದಕ್ಕೆ ಆ ಗಣಕದಲ್ಲಿ ಗುರುತೂ ಉಳಿಯುತ್ತಿರಲಿಲ್ಲ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಹಾಗೆ ಅಳಿದುಹೋದವರಾರು? 'ನಿಧಿಯವರು ಉತ್ತರವನ್ನೂ ಕೊಡಲಿಲ್ಲ' ಎಂದು ನೊಂದು ಸುಮ್ಮನಾದ ಮನೆಗಳೆಷ್ಟು? ಜನರ ಹಣ ನಮ್ಮಲ್ಲಿ ಅಮಾನತ್ತಾಗಿರುವಂತೆ ಅವರ ಅರ್ಜಿಯೂ ಅಮಾನತ್ತೇ ಅಲ್ಲವೇ? ಆದಕಾರಣ ಈ ಜರಡಿ ಹೇಗೆ ಕೆಲಸಮಾಡುತ್ತದೆಂದು ತಿಳಿಯಲು ನಾವು ಹಲವು ಸಂಜೆಗಳನ್ನು ವ್ಯಯಿಸಿದೆವು.

ಬೇಡದ ಅಂಚೆಯ ಇತಿಹಾಸ ಇ-ಮೇಲ್‌ನಷ್ಟೇ ಹಳೆಯದು. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪೆನಿಯ ಗ್ಯಾರಿ ಥ್ಯೂರ್ಕ್ ಎಂಬವರು ಆರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ತಮ್ಮ ಗಣಕಗಳ ಜಾಹೀರಾತನ್ನು ಒಮ್ಮೆಗೇ ಕಳಿಸಿದ್ದನ್ನು ಇದರ ಮೊದಲೆಂದು ಹೇಳುತ್ತಾರೆ. ಇಂಥ ಪತ್ರಗಳನ್ನು ತಡೆಯಲು ಮೊದಮೊದಲು ಕೈಯಿಂದಲೇ ನಿಯಮ ಬರೆಯುತ್ತಿದ್ದರು: ಇಂಥ ಪದ ಬಂದರೆ ಎಸೆ, ಇಂಥ ವಿಳಾಸದಿಂದ ಬಂದರೆ ಎಸೆ. ಮೋಸಗಾರರು ಪದದ ಒಂದಕ್ಷರ ಬದಲಿಸಿ ಪಾರಾಗುತ್ತಿದ್ದರು. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಎಂಬ ತಂತ್ರಜ್ಞರು ಬರೆದ ಒಂದು ಪ್ರಬಂಧ ಬೇರೊಂದು ದಾರಿಯನ್ನು ಜನಪ್ರಿಯಗೊಳಿಸಿತು. 1761ರಲ್ಲಿ ತೀರಿಕೊಂಡ ಥಾಮಸ್ ಬೇಯ್ಸ್ ಎಂಬ ಆಂಗ್ಲ ಪಾದ್ರಿಯ ಸಂಭವನೀಯತೆಯ ಗಣಿತವೇ ಅದಕ್ಕೆ ಆಧಾರ. ಬಳಕೆದಾರ ಕಸವೆಂದು ಗುರುತಿಸಿದ ಪತ್ರಗಳಲ್ಲಿ ಯಾವ ಪದ ಎಷ್ಟು ಸಲ ಬಂದಿದೆ, ಒಳ್ಳೆಯದೆಂದ ಪತ್ರಗಳಲ್ಲಿ ಎಷ್ಟು ಸಲ ಬಂದಿದೆ ಎಂದು ಯಂತ್ರ ಎಣಿಸಿಡುತ್ತದೆ. ಹೊಸ ಪತ್ರ ಬಂದಾಗ ಅದರ ಪದಗಳನ್ನು ಈ ಲೆಕ್ಕಕ್ಕೆ ಹಿಡಿದು ತೂಗುತ್ತದೆ. 2004ರ ಡಿಸೆಂಬರ್‌ನಲ್ಲಿ ಹೊರಬಂದ ಮೊಝಿಲ್ಲಾದ ಥಂಡರ್‌ಬರ್ಡ್ ತಂತ್ರಾಂಶದಲ್ಲಿ ಇಂಥದೇ ಕಲಿಯುವ ಜರಡಿಯಿತ್ತು, ಇಂದಿಗೂ ಇದೆ.

ಯಂತ್ರಕ್ಕೆ ಅರ್ಥ ತಿಳಿಯದು, ಎಣಿಕೆ ಮಾತ್ರ ತಿಳಿಯುತ್ತದೆ. ನಮ್ಮ ಸಮಸ್ಯೆ ಹುಟ್ಟಿದ್ದೂ ಇಲ್ಲಿಯೇ.

ಧರ್ಮಕಾರ್ಯ ಮಾಡುವ ಯಾವ ವಿಳಾಸಕ್ಕೂ ಒಂದು ಬಗೆಯ ಪತ್ರ ತಪ್ಪದೆ ಬರುತ್ತದೆ. ಓದುಗರಲ್ಲಿ ಹಲವರು ಅದನ್ನು ಕಂಡಿರಬೇಕು. ದೂರದೇಶದ ವಿಧವೆಯೊಬ್ಬಳು ಆಂಗ್ಲ ಅಕ್ಷರಗಳಲ್ಲಿ ಸಲಾಮ್ ಹೇಳಿ ಪತ್ರ ಆರಂಭಿಸುತ್ತಾಳೆ. ತನಗೆ ಮಾರಕ ರೋಗವಿದೆಯೆಂದೂ, ತೀರಿಕೊಂಡ ಗಂಡನ ಕೋಟ್ಯಂತರ ಹಣವನ್ನು ಅನಾಥ ಮಕ್ಕಳಿಗಾಗಿ ಅಲ್ಲಾಹನ ಹೆಸರಿನಲ್ಲಿ ಕೊಡಬೇಕೆಂದೂ, ಅದಕ್ಕೆ ನಿಮ್ಮ ಬ್ಯಾಂಕ್ ಖಾತೆಯ ವಿವರ ಬೇಕೆಂದೂ ಬರೆಯುತ್ತಾಳೆ. ಉತ್ತರ ಕೊಟ್ಟವರಿಗೆ ಮುಂದೆ ಮುಂಗಡ ಶುಲ್ಕದ ಬೇಡಿಕೆ ಬರುತ್ತದೆ. ನೈಜೀರಿಯಾದ ಅಪರಾಧ ಸಂಹಿತೆಯ ಒಂದು ಕಲಮಿನ ಸಂಖ್ಯೆಯಿಂದ ಇಂಥ ವಂಚನೆಗೆ '419' ಎಂಬ ಹೆಸರೇ ಅಂಟಿಕೊಂಡಿದೆ. ದೇವಭಕ್ತಿಯ ಮಾತನ್ನೇ ಗಾಳವಾಗಿ ಮಾಡಿಕೊಳ್ಳುವವರಿಗಿಂತ ನಾಚಿಕೆಗೆಟ್ಟವರು ಬೇರಾರಿದ್ದಾರೆಂದು ನಮಗೆ ತೋರುವುದಿಲ್ಲ.

ಚಾಚಾ ಇಂಥ ಪತ್ರ ಬಂದಾಗಲೆಲ್ಲ, ವರ್ಷಗಟ್ಟಲೆ, ಶ್ರದ್ಧೆಯಿಂದ ಜಂಕ್ ಗುಂಡಿಯನ್ನು ಒತ್ತಿದ್ದರು. ಯಂತ್ರವೂ ಶ್ರದ್ಧೆಯಿಂದ ಕಲಿತಿತ್ತು: ಆಂಗ್ಲ ಅಕ್ಷರಗಳ ಸಲಾಮ್ ಕಸದ ಲಕ್ಷಣ, ಅನಾಥ, ವಿಧವೆ, ಸಹಾಯ, ಖಾತೆ, ಅಲ್ಲಾಹ್ ಎಂಬ ಪದಗಳು ಕಸದ ಲಕ್ಷಣ. ಒಳ್ಳೆಯ ಪತ್ರಗಳನ್ನು 'ಇದು ಜಂಕ್ ಅಲ್ಲ' ಎಂದು ಅದಕ್ಕೆ ತೋರಿಸಿದವರು ಇಲ್ಲವೆಂಬಷ್ಟು ಕಡಿಮೆ. ಇನ್‌ಬಾಕ್ಸ್‌ನಲ್ಲಿ ಸುಮ್ಮನೆ ಉಳಿದ ಪತ್ರದಿಂದ ಇಂಥ ಜರಡಿ ಏನನ್ನೂ ಕಲಿಯುವುದಿಲ್ಲವೆಂಬುದನ್ನು ಯಾರೂ ಚಾಚಾರಿಗೆ ಹೇಳಿರಲಿಲ್ಲ. ಹಳೇಬೀಡಿನ ಆ ಹುಡುಗಿ ತನಗೆ ಶಾಲೆಯಲ್ಲಿ ಕಲಿಸಿದ ಸಭ್ಯ ಇಂಗ್ಲಿಷ್‌ನಲ್ಲಿ ಸಲಾಮ್ ಹೇಳಿ, ಅಲ್ಲಾಹನು ನಿಮಗೆ ಒಳಿತು ಮಾಡಲೆಂದು ಹಾರೈಸಿ, ಸಹಾಯ ಕೇಳಿ, ನಿಯಮದಂತೆ ಖಾತೆಯ ಸಂಖ್ಯೆ ಬರೆದಿದ್ದಳು. ಯಂತ್ರದ ತಕ್ಕಡಿಯಲ್ಲಿ ಅವಳೂ ಆ ಸುಳ್ಳು ವಿಧವೆಯೂ ಒಂದೇ ತೂಕಕ್ಕೆ ಬಂದರು.

ಒಂದು ಸ್ವಾರಸ್ಯದ ಸಂಗತಿಯನ್ನು ಇಲ್ಲಿ ಹೇಳಬೇಕು. ಸಿಕ್ಕಿಬಿದ್ದ ಐದೂ ಅರ್ಜಿಗಳು ಇಂಗ್ಲಿಷ್‌ನವು. ಕನ್ನಡದಲ್ಲಿ ಬರೆದವರೆಲ್ಲ ಪಾರಾಗಿದ್ದರು! ವಂಚಕರು ಕನ್ನಡ ಬರೆಯುತ್ತಿರಲಿಲ್ಲವಾದ್ದರಿಂದ ಕನ್ನಡದ 'ಅಸ್ಸಲಾಮು ಅಲೈಕುಮ್' ಯಂತ್ರದ ಕಪ್ಪುಪಟ್ಟಿಗೆ ಸೇರಿರಲಿಲ್ಲ. ಬೇಲೂರಿನಿಂದ ಬಂದ ಒಂದು ಶಿಫಾರಸು ಪತ್ರದ್ದು ಮಾತ್ರ ಬೇರೆ ಕಥೆ. ಅದನ್ನು ಹಳೆಯ ನುಡಿ ಫಾಂಟ್‌ನಲ್ಲಿ ಬರೆದು ಹಾಗೆಯೇ ಪತ್ರಕ್ಕೆ ಅಂಟಿಸಿದ್ದರು. ಯುನಿಕೋಡ್ ಅಲ್ಲದ ಆ ಬರಹ ತೆರೆಯ ಮೇಲೆ ಕೊಂಬುಕಾಲು ಹೊತ್ತ ರೋಮನ್ ಅಕ್ಷರಗಳ ಸಂತೆಯಾಗಿ ಕಾಣುತ್ತದೆ. ಅದನ್ನು ಕಸವೆಂದು ಬಗೆದದ್ದು ಯಂತ್ರವಲ್ಲ, ಮನುಷ್ಯರು. ಇಂದಿಗೂ ನುಡಿಯಲ್ಲಿ ಬರೆಯುವವರು ಯುನಿಕೋಡ್‌ಗೆ ಪರಿವರ್ತಿಸಿ ಕಳಿಸಿದರೆ ಓದುವವರಿಗೆ ಉಪಕಾರ.

ಪರಿಹಾರದ ವಿಚಾರದಲ್ಲಿ ನಮ್ಮಲ್ಲೇ ಜಗಳವಾಯಿತು. ಕಿರಿಯರು, ಯಂತ್ರ ಕಲಿತದ್ದನ್ನೆಲ್ಲ ಅಳಿಸಿಬಿಡೋಣವೆಂದರು. ಥಂಡರ್‌ಬರ್ಡ್‌ನಂಥ ತಂತ್ರಾಂಶಗಳಲ್ಲಿ ಅದಕ್ಕೊಂದು ಗುಂಡಿಯೇ ಇದೆ. ಚಾಚಾ ಒಪ್ಪಲಿಲ್ಲ. ಅಳಿಸಿದರೆ ನಾಳೆಯಿಂದ ಲಾಟರಿ, ಔಷಧ, ಸಾಲದ ಪತ್ರಗಳೆಲ್ಲ ಮತ್ತೆ ಒಳನುಗ್ಗುತ್ತವಲ್ಲ ಎಂಬುದು ಅವರ ವಾದ. ಅವರ ಮಾತೇ ಸರಿಯೆಂದು ನಮಗೂ ಕಂಡಿತು. ಕಲಿತದ್ದನ್ನು ಮರೆಸುವ ಬದಲು, ಕಲಿಸದೆ ಬಿಟ್ಟದ್ದನ್ನು ಕಲಿಸುವುದು ಲೇಸು. ಹಿಂದಿನ ವರ್ಷಗಳ ನಿಜವಾದ ಅರ್ಜಿಗಳನ್ನೆಲ್ಲ ಆಯ್ದು, ಜಂಕ್ ಅಲ್ಲವೆಂದು ಗುರುತು ಹಾಕಿದೆವು. ಥಂಡರ್‌ಬರ್ಡ್ ಬಳಸುವವರಿಗೆ ಜಂಕ್ ಎನ್ನಲು 'ಜೆ' ಕೀಲಿ, ಅಲ್ಲವೆನ್ನಲು 'ಶಿಫ್ಟ್' ಹಿಡಿದು 'ಜೆ'. ನಮಗೆ ಗೊತ್ತಿರುವ ಶಾಲೆ, ಮಸೀದಿ, ಕುಟುಂಬಗಳ ವಿಳಾಸಗಳನ್ನು ವಿಳಾಸ ಪುಸ್ತಕಕ್ಕೆ ಸೇರಿಸಿ, ಅಲ್ಲಿರುವವರ ಪತ್ರವನ್ನು ಜಂಕ್ ಎನ್ನಬಾರದೆಂಬ ಆಯ್ಕೆಯನ್ನು ಒತ್ತಿದೆವು. ಹದಿನಾಲ್ಕು ದಿನದ ಅಳಿಸುವಿಕೆಯನ್ನಂತೂ ಅಂದೇ ನಿಲ್ಲಿಸಿದ್ದೆವು.

ಇಷ್ಟಾದರೂ ಇನ್ನೊಂದು ಬಾಗಿಲು ಉಳಿದಿತ್ತು. ಗಣಕದ ಜರಡಿಗಿಂತ ಮೊದಲೇ ಇ-ಮೇಲ್ ಸೇವೆಯವರ ಜರಡಿಯೊಂದಿರುತ್ತದೆ. ಪಾಪ್ ಎಂಬ ಹಳೆಯ ಪದ್ಧತಿಯಲ್ಲಿ ಗಣಕಕ್ಕೆ ಇಳಿದುಬರುವುದು ಸಾಮಾನ್ಯವಾಗಿ ಇನ್‌ಬಾಕ್ಸ್ ಮಾತ್ರ. ಅಲ್ಲಿ ಸ್ಪ್ಯಾಮ್‌ಗೆ ಬಿದ್ದ ಪತ್ರ ನಮ್ಮ ಗಣಕದ ಜಂಕ್‌ನಲ್ಲಿಯೂ ಕಾಣದು. ಜಿಮೇಲ್‌ನಲ್ಲಿ ಅಂಥವು 30 ದಿನಗಳ ಬಳಿಕ ತಾವಾಗಿ ಅಳಿಯುತ್ತವೆ. ಐಮ್ಯಾಪ್ ಪದ್ಧತಿಗೆ ಬದಲಾದರೆ ಆ ಕಡತವೂ ನಮ್ಮ ಕಣ್ಣೆದುರಿಗೆ ಬರುತ್ತದೆ. ನಾವು ಬದಲಾದೆವು.

ಸಂಶಯದ ಪತ್ರವನ್ನು ಪರೀಕ್ಷಿಸುವಾಗ ಅದರ ಪೂರ್ಣ ತಲೆಬರಹ ನೋಡುವುದನ್ನೂ ಚಾಚಾ ಕಲಿತರು. ಪತ್ರ ಹಾದುಬಂದ ಪ್ರತಿಯೊಂದು ಸರ್ವರ್ ತನ್ನದೊಂದು ಸಾಲನ್ನು ಮೇಲೆ ಸೇರಿಸುತ್ತದೆ. ಕೆಳಗಿನಿಂದ ಮೇಲಕ್ಕೆ ಓದಿದರೆ ಯಾರಿಂದ ಯಾರಿಗೆ ಬಂತೆಂಬುದು ತಿಳಿಯುತ್ತದೆ. ಕೆಳಗಿನ ಸಾಲುಗಳನ್ನು ಕಳಿಸಿದವನು ಸುಳ್ಳಾಗಿ ಸೃಷ್ಟಿಸಲೂಬಹುದು. ನೆಚ್ಚಬಹುದಾದದ್ದು ನಮ್ಮದೇ ಸರ್ವರ್ ಬರೆದ ಸಾಲು. ಇದನ್ನು ವಿವರಿಸುತ್ತಿದ್ದಂತೆ ಚಾಚಾ ನಕ್ಕು, "ಇದು ನಮ್ಮ ಸನದ್ ಅಲ್ಲವೇ?" ಎಂದರು. ಮಾತು ಎಷ್ಟೇ ಚೆಂದವಿದ್ದರೂ ಹದೀಸ್ ವಿದ್ವಾಂಸರು ಅದನ್ನು ಹೇಳಿದವರ ಸರಣಿಯನ್ನು ಶೋಧಿಸದೆ ಒಪ್ಪುತ್ತಿರಲಿಲ್ಲವೆಂಬುದು ಅವರ ಬಾಲ್ಯದ ಪಾಠ. ನಾವು ಒಂದು ಗಂಟೆ ವಿವರಿಸಿದ್ದು ಅವರಿಗೆ ಒಂದು ಪದದಲ್ಲಿ ಹಿಡಿದುಹೋಯಿತು.

ಆ ಐದು ಅರ್ಜಿಗಳಲ್ಲಿ ನಾಲ್ಕಕ್ಕೆ ಹಣ ಸಂದಾಯವಾಯಿತು. ಐದನೆಯ ಹುಡುಗ ಕಾದು ಕಾದು, ಅಷ್ಟರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿಬಿಟ್ಟಿದ್ದ. ಈ ವರ್ಷವಾದರೂ ಓದಿಗೆ ಮರಳೆಂದು ಅವನ ತಾಯಿಯ ಮೂಲಕ ಹೇಳಿ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಈಗ ಪ್ರತಿ ಶುಕ್ರವಾರ ಜುಮಾ ನಮಾಝಿನ ಬಳಿಕ ನಮ್ಮಲ್ಲೊಬ್ಬರು ಚಾಚಾರ ಪಕ್ಕದಲ್ಲಿ ಕುಳಿತು ಎರಡೂ ಕಡತಗಳನ್ನು ಒಂದೊಂದಾಗಿ ನೋಡುತ್ತೇವೆ. ಮೊನ್ನೆ ಆ ದೂರದೇಶದ ವಿಧವೆಯ ಪತ್ರ ಕನ್ನಡದಲ್ಲಿಯೇ ಬಂದಿತ್ತು. ಯಾವುದೋ ಯಂತ್ರಾನುವಾದದ ಕನ್ನಡ, ಆದರೆ ಸಲಾಮ್ ಮಾತ್ರ ಶುದ್ಧವಾಗಿತ್ತು. ಪತ್ರ ನೇರ ಇನ್‌ಬಾಕ್ಸ್‌ನಲ್ಲಿಯೇ ಕುಳಿತಿತ್ತು. ಚಾಚಾ ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿದರು, ತಲೆಬರಹ ತೆರೆಸಿ ನೋಡಿದರು, ಆಮೇಲೆ 'ಜೆ' ಒತ್ತಿದರು. ಬಳಿಕ ಆ ವಾರ ಬಂದಿದ್ದ ಎರಡು ಕನ್ನಡದ ಅರ್ಜಿಗಳನ್ನು ಹುಡುಕಿ, ಅವಕ್ಕೆ ಜಂಕ್ ಅಲ್ಲವೆಂದು ಗುರುತು ಹಾಕಿದರು.